ಒಂದೇ ಶೀರ್ಷಿಕೆಯಲ್ಲಿ ಸಿಕ್ಕಿಹಾಕಿಕೊಂಡ ನವೆಂಬರ್

ಲೆಸ್ಕಿನೆನ್ ನೋಟ್‌ಬುಕ್ಕಿಗೆ ಈಗ ಏಳು ತಿಂಗಳು. ಫಿನ್‌ಲೆಂಡಿನ ತಾಂಪೆರೆಗೆ ಕೆಲಸಕ್ಕೆ ಬಂದ ಮೇಲೆ ಫಿನ್ನಿಷ್ ಪಠ್ಯಪುಸ್ತಕ ನಾಲ್ಕನೇ ಪಾಠಕ್ಕೇ ಬೇಜಾರು ಹಿಡಿಸಿತು. ಅದನ್ನು ಮುಚ್ಚಿಟ್ಟು, ಈ ಊರಿನ ರಾಕ್ ಹಾಡುಗಾರರಲ್ಲಿ ಒಬ್ಬನನ್ನೇ ಹಿಡಿದು ಕೂತಿದ್ದೇನೆ. ಹೆಸರಿನ ಸ್ಪೆಲಿಂಗ್ ಇಂಗ್ಲಿಷಿನ ಜ್ಯೂಸ್‌ನದೇ, ಆದರೆ ಇಲ್ಲಿಯವರು ತಮ್ಮ ಪದ್ಧತಿಯಂತೆ ಬಿಡಿಸಿ ಯುಯಿಸೆ ಅನ್ನುತ್ತಾರೆ. ಯುಯಿಸೆ ಲೆಸ್ಕಿನೆನ್.

ಮೊದಲ ಎರಡು ತಿಂಗಳು ಅವನ ಜೀವನದ ಇಸವಿಗಳನ್ನು ಬರೆದುಕೊಂಡೆ. 1950ರ ಫೆಬ್ರವರಿ 19ರಂದು ಉತ್ತರ ಸಾವೊ ಸೀಮೆಯ ಯುವಾನ್‌ಕೋಸ್ಕಿಯಲ್ಲಿ ಹುಟ್ಟಿದ. ಅನುವಾದ ಕಲಿಯಲು ತಾಂಪೆರೆಗೆ ಬಂದವನು ಇಲ್ಲಿಯವನೇ ಆಗಿಹೋದ. 1973ರಲ್ಲಿ ಮೊದಲ ಆಲ್ಬಂ ಬಂತು, ಬ್ಯಾಂಡಿನ ಹೆಸರು ಕೊಯಿಟುಸ್ ಇಂಟ್. (ಅದರ ಅರ್ಥವೇನು ಅಂತ ಅಮ್ಮ ಫೋನಿನಲ್ಲಿ ಕೇಳಿದರು. ನೆಟ್‌ವರ್ಕ್ ಸರಿಯಿಲ್ಲ ಎಂದೆ.) ಆ ಬ್ಯಾಂಡಿನಲ್ಲಿದ್ದ ಮಿಕ್ಕೊ ಅಲತಾಲೊ ಮುಂದೆ ಸಂಸದನೂ ಆದ. ಆಮೇಲೆ ಸ್ಲ್ಯಾಮ್, ಗ್ರ್ಯಾಂಡ್ ಸ್ಲ್ಯಾಮ್ ಅನ್ನುವ ಬ್ಯಾಂಡುಗಳು, ಜೊತೆಗೆ ಕವನ, ನಾಟಕ. ಎಲ್ಲವನ್ನೂ ನೀಟಾಗಿ ಬರೆದಿಟ್ಟೆ. ಓದಿದರೆ ರೇಷನ್ ಕಾರ್ಡ್ ಓದಿದ ಹಾಗಿತ್ತು. ಆ ಹಾಳೆಗಳನ್ನು ಹಿಂದಕ್ಕೆ ಹಾಕಿದ್ದೇನೆ.

ಇಷ್ಟವಾದದ್ದು ಒಂದೇ. 70ರ ದಶಕದಲ್ಲಿ ಇಲ್ಲಿ ಹುಟ್ಟಿದ ಫಿನ್ನಿಷ್ ರಾಕ್‌ಗೆ ಮನ್ಸೆರಾಕ್ ಅಂತ ಹೆಸರು. ಹತ್ತಿ ಗಿರಣಿಗಳಿಂದಾಗಿ ಈ ಊರಿಗೆ ಮ್ಯಾಂಚೆಸ್ಟರಿನ ಹೆಸರು ಬಿದ್ದು, ಅದು ಸವೆದು ಮನ್ಸೆ ಆಗಿದೆ. ನಾನು ದಾವಣಗೆರೆಯವನು, ಒಂದು ಮ್ಯಾಂಚೆಸ್ಟರ್ ಬಿಟ್ಟು ಇನ್ನೊಂದಕ್ಕೆ ಬಂದೆ ಅನ್ನಬೇಕು.

ಈ ತಿಂಗಳ ಕೆಲಸ: 1980ರ ‘ವೀದೆಸ್ತೊಯಿಸ್ತ ಯೊ’ ಹಾಡನ್ನು ಅದೇ ಧಾಟಿಗೆ ಕೂರುವಂತೆ ಕನ್ನಡಕ್ಕೆ ತರುವುದು. ತಿಂಗಳಿಡೀ ಶೀರ್ಷಿಕೆಯಲ್ಲೇ ಕಳೆಯಿತು.

ಅರ್ಥ ಸುಲಭ, ಹದಿನೈದನೆಯ ರಾತ್ರಿ. ವ್ಯಾಕರಣವೂ ನಮಗೆ ಅಷ್ಟು ಹೊಸದಲ್ಲ. ‘ತಲೊ’ ಮನೆ, ‘ತಲೊಸ್ಸ’ ಮನೆಯಲ್ಲಿ, ‘ತಲೊಸ್ತ’ ಮನೆಯಿಂದ. ವಿಭಕ್ತಿ ಬಾಲಕ್ಕೆ ಅಂಟುತ್ತದೆ. ಹ್ರಸ್ವ, ದೀರ್ಘ, ಒತ್ತು ತಪ್ಪಿದರೆ ಅರ್ಥವೂ ತಪ್ಪುತ್ತದೆ: ‘ಕುಕ’ ಅಂದರೆ ಯಾರು, ‘ಕುಕ್ಕ’ ಅಂದರೆ ಹೂವು. ಇದು ಕಿವಿಗೆ ಬೀಳದೆ ಇಂಗ್ಲಿಷ್ ಸಹೋದ್ಯೋಗಿಗಳು ಒದ್ದಾಡುವಾಗ ನನಗೆ ಒಳಗೊಳಗೇ ಖುಷಿ.

ಕಷ್ಟ ಇರುವುದು ಮಾತ್ರೆಯಲ್ಲಿ. ಪ್ರಸ್ತಾರ ಹಾಕಿದೆ: ವೀ, ದೆಸ್, ತೊಯಿಸ್ ಮೂರೂ ಗುರು, ತ ಲಘು, ಕೊನೆಯ ಯೊ ಮತ್ತೆ ಗುರು. ಒಟ್ಟು ಒಂಬತ್ತು. ‘ಹದಿನೈದನೆಯ ರಾತ್ರಿ’ ಹತ್ತು. ‘ರಾತ್ರಿ ಹದಿನೈದು’ ಎಂಟು, ಕೇಳಿದರೆ ಬಸ್ ನಂಬರು. ಲೆಕ್ಕ ಹೇಗೋ ಸರಿಮಾಡಿಕೊಳ್ಳಬಹುದು. ಆದರೆ ಅಲ್ಲಿ ಕೊನೆಯ ಸ್ವರವನ್ನು ಎಷ್ಟು ಬೇಕಾದರೂ ಎಳೆಯಬಹುದು, ನಮ್ಮದು ‘ತ್ರಿ’ಗೆ ಬಂದು ಬಾಗಿಲು ಹಾಕಿಕೊಳ್ಳುತ್ತದೆ. ಆ ‘ಯೊ’ ಕೂಡ ನಿಜವಾಗಿ ಯೊ ಅಲ್ಲ. ತುಟಿ ‘ಉ’ ಅನ್ನುವಂತೆ ಮುಂದೆ ಬರಬೇಕು, ನಾಲಿಗೆ ‘ಈ’ ಅನ್ನುವ ಜಾಗದಲ್ಲಿರಬೇಕು, ಅಲ್ಲಿಂದ ಜಾರಿ ‘ಎ’ ಕಡೆಗೆ ಇಳಿಯಬೇಕು. ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ‘ಹಲ್ಲು ನೋವಾ?’ ಅಂತ ಕೇಳಿದಳು.

ನಡುವೆ ದಾರಿ ತಪ್ಪಿದ್ದೂ ಇದೆ. ಅವನಿಗೆ ತಿರುಗುಮುರುಗಾಗಿ ಓದುವ ಸಾಲುಗಳ ಹುಚ್ಚು ಅಂತ ತಿಳಿದದ್ದೇ ಒಂದು ವಾರ ಅದರಲ್ಲೇ ಹೋಯಿತು. ಫಿನ್ನಿಷಿನಲ್ಲಿ ಸೋಪು ವ್ಯಾಪಾರಿಗೆ ಹದಿನೈದು ಅಕ್ಷರದ ಪದವಿದೆ, ಎರಡೂ ಕಡೆಯಿಂದ ಒಂದೇ. ಕನ್ನಡದಲ್ಲಿ ಬರೆದು ನೋಡಿದರೆ ಆಟ ಕೆಟ್ಟಿತು. ಅವರು ಬಿಡಿ ಬಿಡಿ ವರ್ಣ ತಿರುಗಿಸುತ್ತಾರೆ, ನಾವು ‘ಕುಬೇರನಿಗೇನಿರಬೇಕು’ ಅನ್ನುವಾಗ ಕಾಗುಣಿತ ಸಮೇತ ಇಡೀ ಅಕ್ಷರ ತಿರುಗಿಸುತ್ತೇವೆ. ಅವನ ಈ ಸಾಲುಗಳನ್ನು ಅನುವಾದದ ಪಟ್ಟಿಯಿಂದ ಹೊಡೆದುಹಾಕಿದೆ.

24ನೇ ತಾರೀಕು ಲೆಸ್ಕಿನೆನ್ ಸಮಾಧಿ ಇರುವ ಕಾಲೆವನ್‌ಕಂಗಾಸ್ ಸ್ಮಶಾನಕ್ಕೆ ಹೋಗಿದ್ದೆ. 2006ರಲ್ಲಿ ಅದೇ ದಿನ ತೀರಿಕೊಂಡ, ಐವತ್ತಾರು ವರ್ಷಕ್ಕೆ. ಕುಡಿತವೂ ಕಾಯಿಲೆಯೂ ದೇಹವನ್ನು ಮೊದಲೇ ಹಣ್ಣು ಮಾಡಿದ್ದವು. ಮೂರೂವರೆಗೆಲ್ಲ ಕತ್ತಲು. ಯಾರೋ ಆಗಲೇ ದೀಪ ಹಚ್ಚಿಟ್ಟು ಹೋಗಿದ್ದರು. ಗ್ಲೌಸ್ ತೆಗೆದು ಕಡ್ಡಿ ಗೀರುವಷ್ಟರಲ್ಲಿ ಬೆರಳು ಮರಗಟ್ಟಿ, ನನ್ನ ದೀಪ ಮೂರನೇ ಕಡ್ಡಿಗೆ ಹತ್ತಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಹೊಳೆಯಿತು: ರಾತ್ರಿಯನ್ನು ಮುಂದೆ ತಂದು ‘ಇರುಳು ಹದಿನೈದನೇ’ ಅಂದರೆ? ಮೂರು ಲಘು, ಆಮೇಲೆ ಒಂದು, ಒಂದು, ಎರಡು, ಒಂದು, ಎರಡು. ಹತ್ತೇ. ಆದರೆ ‘ನೇ’ ಎಳೆಯಲು ಸಿಗುತ್ತದೆ, ಮೊದಲ ‘ಇ’ಯನ್ನು ತಾಳಕ್ಕೆ ಮುಂಚೆಯೇ ಎತ್ತಿಕೊಂಡರೆ ಉಳಿಯುವುದು ಒಂಬತ್ತು. ಶನಿವಾರ ಗಿಟಾರ್ ಇಟ್ಟುಕೊಂಡು ರೆಕಾರ್ಡ್ ಮಾಡಿ ನೋಡಬೇಕು.