ವಾಷಿಂಗ್ಟನ್‌ನಲ್ಲಿ ನಮ್ಮ ಕಡೆಯ ಕರಿಕಲ್ಲು

ಹೋದ ಅಕ್ಟೋಬರ್‌ನಲ್ಲಿ ವರ್ಜೀನಿಯಾದಲ್ಲಿರೋ ಅಕ್ಕನ ಮನೆಗೆ ಹೋಗಿದ್ದಾಗ ಒಂದಿನ ಪೂರ್ತಿ ವಾಷಿಂಗ್ಟನ್‌ಗೆ ಅಂತಲೇ ಇಟ್ಕೊಂಡಿದ್ವಿ. ಫಾಗಿ ಬಾಟಮ್ ಸ್ಟೇಷನ್‌ನಲ್ಲಿ ಮೆಟ್ರೋ ಇಳಿದು ನಡ್ಕೊಂಡು ಹೋಗ್ತಾ ಭಾವ ಕೇಳಿದ್ರು, ಅಮೆರಿಕ ಬೇರೆ ದೇಶಗಳ ವಿಷಯದಲ್ಲಿ ತಗೊಂಡ ಅತೀ ಒಳ್ಳೇ ನಿರ್ಧಾರ ಯಾವ್ದು, ಅತೀ ಕೆಟ್ಟದ್ದು ಯಾವ್ದು ಹೇಳು ನೋಡೋಣ ಅಂತ. ಅವರ ಲೆಕ್ಕದಲ್ಲಿ ಒಳ್ಳೇದು 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರ್‌ಗೆ ಅಲಾಸ್ಕಾ ಕೊಂಡಿದ್ದು, ಕೆಟ್ಟದ್ದು 2003ರಲ್ಲಿ ಇರಾಕ್ ಮೇಲೆ ಯುದ್ಧಕ್ಕೆ ಹೋಗಿದ್ದು. ನಾನು ಒಪ್ಪಲಿಲ್ಲ, ಅಷ್ಟೊತ್ತಿಗೆ ವಿಯೆಟ್ನಾಂ ಗೋಡೆ ಬಂತು, ಅಂದ್ರೆ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಹೆಸರು ಕೆತ್ತಿರೋ ಸ್ಮಾರಕ.

ಶುರುನಲ್ಲಿ ಪಾದದಷ್ಟೇ ಎತ್ತರ, ನಡೀತಾ ನಡೀತಾ ದಾರಿ ಇಳಿಯುತ್ತೆ ಗೋಡೆ ಏರುತ್ತೆ, ಮಧ್ಯಕ್ಕೆ ಬರೋಷ್ಟರಲ್ಲಿ 10 ಅಡಿ. ಕಲ್ಲು ಬೆಂಗಳೂರು ಕಡೆಯಿಂದ ಹೋಗಿರೋ ಕರಿ ಗ್ರಾನೈಟ್, ಅದು ಮೊದಲೇ ಗೊತ್ತಿತ್ತು, ಆದ್ರೂ ಕೈಯಿಟ್ಟಾಗ ಊರಲ್ಲಿ ನಮ್ಮ ಅಡುಗೆಮನೆ ಕಟ್ಟೆ ಮುಟ್ಟಿದ ಹಾಗೇ ತಣ್ಣಗಿತ್ತು, ಹೆಸರುಗಳ ಮೇಲೆ ನನ್ನ ಮುಖಾನೇ ಕಾಣ್ತಿತ್ತು. 58,000ಕ್ಕೂ ಜಾಸ್ತಿ ಹೆಸರು, ಸತ್ತ ದಿನದ ಪ್ರಕಾರ. ಪಕ್ಕದಲ್ಲಿ ವಯಸ್ಸಾದ ಒಬ್ರು ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಒಂದು ಹೆಸರು ಇಳಿಸ್ಕೊಳ್ತಾ ಇದ್ರು, ಕೈ ನಡುಗ್ತಿತ್ತು. ಲಕ್ಷಗಟ್ಟಲೆ ಸತ್ತ ವಿಯೆಟ್ನಾಂ ಜನರ ಹೆಸರು ಇಲ್ಲಿ ಇಲ್ಲವೇ ಇಲ್ಲ.

ನನ್ನ ಪ್ರಕಾರ ಅತೀ ಕೆಟ್ಟದ್ದು 1964ರ ಆಗಸ್ಟ್ 7ಕ್ಕೆ ಅಮೆರಿಕದ ಸಂಸತ್ತಲ್ಲಿ, ಅಂದ್ರೆ ಕಾಂಗ್ರೆಸ್‌ನಲ್ಲಿ, ಬಿದ್ದ ವೋಟು. ವಿಯೆಟ್ನಾಂ ಪಕ್ಕದ ಟಾಂಕಿನ್ ಕೊಲ್ಲಿಯಲ್ಲಿ ಆಗಸ್ಟ್ 4ಕ್ಕೆ ಅಮೆರಿಕದ ಹಡಗುಗಳ ಮೇಲೆ ಎರಡನೇ ಸಲ ದಾಳಿ ಆಯ್ತು ಅಂದ್ರು, ಅದು ಆಗಿರಲೇ ಇಲ್ಲ, ಮೂರೇ ದಿನದಲ್ಲಿ ಅಧ್ಯಕ್ಷ ಜಾನ್ಸನ್ ಕೈಗೆ ಯುದ್ಧದ ಅಧಿಕಾರ ಕೊಟ್ಟಾಯ್ತು, ಕೆಳಮನೆಯಲ್ಲಿ 416–0, ಸೆನೆಟ್‌ನಲ್ಲಿ 88–2. ಅದಕ್ಕಿಂತ ಮುಂಚೆ ಸತ್ತವರು ಹೆಚ್ಚುಕಮ್ಮಿ ಮಧ್ಯದ ಒಂದೇ ಪ್ಯಾನೆಲ್‌ನಲ್ಲಿ ಮುಗಿದ್ಹೋಗ್ತಾರೆ, ಮಿಕ್ಕಿದ್ದೆಲ್ಲ ಆ ವೋಟಿನ ಆಮೇಲಿನದ್ದು.

ಅತೀ ಒಳ್ಳೇದು ಮಾರ್ಷಲ್ ಪ್ಲಾನ್, ಎರಡನೇ ಮಹಾಯುದ್ಧದಲ್ಲಿ ಹಾಳಾದ ಯುರೋಪ್ ಮತ್ತೆ ಕಟ್ಟೋಕೆ ಅಮೆರಿಕ ಕೊಟ್ಟ ದುಡ್ಡು. 1947ರ ಜೂನ್‌ನಲ್ಲಿ ಹಾರ್ವರ್ಡ್‌ನಲ್ಲಿ ಆಗಿನ ವಿದೇಶಾಂಗ ಮಂತ್ರಿ ಮಾರ್ಷಲ್ ಇದರ ಬಗ್ಗೆ ಮಾತಾಡಿದ್ದು, ಕಾನೂನಾಗಿದ್ದು 1948ರ ಏಪ್ರಿಲ್‌ನಲ್ಲಿ, ಹತ್ತು ತಿಂಗಳು ಚರ್ಚೆ ಮಾಡಿದ್ರು. ಸುಮಾರು 1,300 ಕೋಟಿ ಡಾಲರ್, ನಿನ್ನೆ ಮೊನ್ನೆವರೆಗೂ ಶತ್ರುವಾಗಿದ್ದ ಜರ್ಮನಿಗೂ ಪಾಲು.

ಸೇತುವೆ ದಾಟಿ ಆರ್ಲಿಂಗ್ಟನ್ ಸೈನಿಕರ ಸ್ಮಶಾನಕ್ಕೆ ಹೋಗಿ ಮಾರ್ಷಲ್ ಸಮಾಧಿ ಹುಡುಕಿದ್ವಿ, ಅಲ್ಲಿ ನಾವಿಬ್ರೇ. ಭಾವ ಅಲಾಸ್ಕಾ ಬಿಟ್ಟುಕೊಟ್ರು, ಇರಾಕ್ ಮಾತ್ರ ಬಿಡಲಿಲ್ಲ. ವಿಯೆಟ್ನಾಂನಲ್ಲಿ ಆಗದ ದಾಳಿ, ಇರಾಕ್‌ನಲ್ಲಿ ಇಲ್ಲದ ಆಯುಧ, ವೋಟು ಹಾಕಿದ್ದು ಅದೇ ಕಾಂಗ್ರೆಸ್ ತಾನೇ, 64ರದ್ದು ಗೊತ್ತಿದ್ದೂ 2002ರಲ್ಲಿ ಇರಾಕ್ ಯುದ್ಧಕ್ಕೆ ವೋಟು ಹಾಕಿದ್ರಲ್ಲ, ಹಾಗಾದ್ರೆ ಯಾವ್ದು ಜಾಸ್ತಿ ಕೆಟ್ಟದ್ದು ಅಂದ್ರು. ಮೆಟ್ರೋ ಹತ್ತೋವರೆಗೂ ನನ್ಹತ್ರ ಉತ್ತರ ಇರ್ಲಿಲ್ಲ.