ಆಗುಂಬೆ, ನೇತ್ರಾಣಿ, ಜೋಗ: ವಾಟರ್‌ಪ್ರೂಫ್ ಕ್ಯಾಮೆರಾ ಒಯ್ಯೋದಾ, ದೊಡ್ಡ ಸೆನ್ಸರ್‌ದಾ?

ದಸರಾ ರಜೆಗೆ ನಾನು, ನನ್ನ ಹೆಂಡ್ತಿ, ಅಕ್ಕ, ಭಾವ ನಾಲ್ಕೂ ಜನ ಬೆಂಗಳೂರಿಂದ ಕಾರಲ್ಲಿ ಹೊರಟು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಅಲ್ಲಿಂದ ಘಾಟಿ ಇಳಿದು ಹೆಬ್ರಿ, ಉಡುಪಿ, ಕುಂದಾಪುರ, ಮುರುಡೇಶ್ವರ, ಅಲ್ಲಿಂದ ಡೈವಿಂಗಿಗೆ ಬೋಟಲ್ಲಿ ನೇತ್ರಾಣಿ ದ್ವೀಪ, ವಾಪಸ್ ಬರ್ತಾ ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಸಾಗರ ಅಂತ ಒಂದು ರೌಂಡ್ ಹೊಡೆದು ಬಂದ್ವಿ. ಆಗುಂಬೆಲಿ ಎರಡು ರಾತ್ರಿ, ಮುರುಡೇಶ್ವರದಲ್ಲಿ ಎರಡು, ಜೋಗದ ಹತ್ರ ಒಂದು. ಇದೇ ರೂಟಲ್ಲಿ ಹೋಗ್ಬೇಕು ಅಂತಿರೋರು ಇಬ್ಬರು ಮೂವರು ಕೇಳಿದ್ದು ಹೋಟೆಲ್ ಬಗ್ಗೆನೂ ಅಲ್ಲ ರಸ್ತೆ ಬಗ್ಗೆನೂ ಅಲ್ಲ, "ಮಳೆಲಿ ಅಷ್ಟು ಫೋಟೋ ಹೆಂಗೆ ತೆಗೆದ್ರಿ, ಯಾವ ಕ್ಯಾಮೆರಾ" ಅಂತ. ಅದಕ್ಕೇ ಬರೀತಿದೀನಿ.

ನನ್ನ ಹತ್ರ ಇದ್ದಿದ್ದು ಒಂದಿಂಚ್ ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಇರೋ ಕಾಂಪ್ಯಾಕ್ಟ್, ಅಂದ್ರೆ ಸಣ್ಣ ಕ್ಯಾಮೆರಾ. ಸೋನಿ ಆರ್‌ಎಕ್ಸ್100 ಸೀರೀಸು, ಕ್ಯಾನನ್ ಜಿ7ಎಕ್ಸ್ ಇವೆಲ್ಲ ಅದೇ ಜಾತಿ. ನಂದು ಯಾವುದು ಅಂತ ಹೇಳಲ್ಲ, ಯಾಕಂದ್ರೆ ಮುಂದೆ ಅದಕ್ಕೊಂದು ಗತಿ ಕಾಣಿಸ್ತೀನಿ, ಆ ತಪ್ಪು ಪೂರ್ತಿ ನಂದೇ. ಭಾವನ ಹತ್ರ ಒಲಿಂಪಸ್ ಟಫ್ ಟಿಜಿ-6 ಇತ್ತು, 2019ರ ಮಾಡೆಲ್ಲು, 15 ಮೀಟರ್ ಆಳದ ತನಕ ಹೌಸಿಂಗ್ (ನೀರು ಹೋಗದ ಹೊರಡಬ್ಬಿ) ಇಲ್ಲದೆ ನೀರಿಗೆ ಇಳಿಸಬಹುದು, 2.1 ಮೀಟರ್ ಎತ್ತರದಿಂದ ಬಿದ್ರೂ ತಡ್ಕೊಳ್ಳತ್ತೆ ಅಂತ ಕಂಪನಿ ಹೇಳತ್ತೆ. ಈಗ ಅದೇ ಸಾಲಲ್ಲಿ ಟಿಜಿ-7 ಬಂದಿದೆ, ಹೆಸರು ಮಾತ್ರ ಒಎಂ ಸಿಸ್ಟಮ್ ಅಂತ ಬದಲಾಗಿದೆ. "ಎರಡೂ ತಗೊಂಡು ಹೋಗೋಣ, ಯಾವುದು ಕೈಗೆ ಬರತ್ತೆ ನೋಡೋಣ" ಅಂದ್ರು ಭಾವ. ಎರಡೂ ಮುಷ್ಟಿ ಗಾತ್ರ, ಎರಡೂ ಸುಮಾರು ಕಾಲು ಕೆಜಿ, ಹೊರೋಕೇನು ಕಷ್ಟ.

ಮೊದಲು ಸೆನ್ಸರ್ ಲೆಕ್ಕ ಹೇಳಿಬಿಡ್ತೀನಿ, ಅಂಗಡಿಲಿ ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಒಂದಿಂಚ್ ಅಂತಾರಲ್ಲ, ಅದು ಎಲ್ಲಿ ಅಳತೆ ಹಿಡಿದ್ರೂ ಒಂದಿಂಚ್ ಬರಲ್ಲ, 13.2 ಗುಣಿಸು 8.8 ಮಿಲಿಮೀಟರ್ ಅಷ್ಟೇ, ಹಳೇ ಕಾಲದ ವಿಡಿಯೋ ಕ್ಯಾಮೆರಾ ಟ್ಯೂಬಿನ ಅಳತೆಯ ಹೆಸರು ಹಂಗೇ ಉಳ್ಕೊಂಡಿದೆ. ವಾಟರ್‌ಪ್ರೂಫ್ ಕ್ಯಾಮೆರಾದೊಳಗಿರೋದು ಸುಮಾರು 6.2 ಗುಣಿಸು 4.6. ಅಂದ್ರೆ ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ರಿಕೋ ಜಿಆರ್3 ತರ ಎಪಿಎಸ್-ಸಿ ಅನ್ನೋ ಇನ್ನೂ ದೊಡ್ಡ ಸೆನ್ಸರಿನ ಕಾಂಪ್ಯಾಕ್ಟ್ ಆದ್ರೆ ಹದಿಮೂರು ಪಟ್ಟು. ಬಯಲಲ್ಲಿ ಬಿಸಿಲಿದ್ದಾಗ ಇದೇನೂ ಕಾಣಲ್ಲ, ಮೊಬೈಲಲ್ಲಿ ನೋಡೋರಿಗಂತೂ ಗೊತ್ತೇ ಆಗಲ್ಲ. ಆದ್ರೆ ಆಗುಂಬೆ ಕಾಡಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ ಆರರ ಬೆಳಕು, ಅಲ್ಲಿ ಗೊತ್ತಾಗತ್ತೆ.

ಆಗುಂಬೆಲಿ ಹಿಂಗಾರು ಅಂತ ಹೆಸರಿಗೆ, ನಾವು ಹೋದ ಎರಡೂ ದಿನ ಸುರೀತು. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳೋ ಊರು, ಅಕ್ಟೋಬರ್ ಬಂತು ಅಂತ ಬಿಟ್ಟುಬಿಡತ್ತಾ. ಸನ್‌ಸೆಟ್ ಪಾಯಿಂಟಲ್ಲಿ ನಿಂತ್ರೆ ಆಕಾಶ ತಿಳಿ ಇದ್ದ ದಿನ ಅರಬ್ಬಿ ಸಮುದ್ರ ಕಾಣತ್ತೆ, ನಮಗೆ ಕಂಡಿದ್ದು ಹತ್ತಡಿ ದೂರದ ಕಟಕಟೆ ಮತ್ತೆ ಒಂದು ಮಂಗ. ಬೀಳೋ ಮಳೆನ ಛತ್ರಿ ತಡೆಯತ್ತೆ, ಇರಚಲನ್ನ ತಡೆಯಲ್ಲ, ಅದು ಅಡ್ಡಡ್ಡ ಬಂದು ನೇರ ಲೆನ್ಸಿಗೇ ಹೊಡೆಯತ್ತೆ. ನನ್ನ ಕಾಂಪ್ಯಾಕ್ಟಿನ ಲೆನ್ಸ್ ಆನ್ ಮಾಡಿದ ತಕ್ಷಣ ಮುಂದಕ್ಕೆ ಚಾಚ್ಕೊಳ್ಳತ್ತೆ, ಆ ಸಂದಿಲಿ ನೀರು ಹೋದ್ರೆ ಮುಗೀತು, ಈ ಜಾತಿ ಕ್ಯಾಮೆರಾಗಳನ್ನ ವಾಟರ್‌ಪ್ರೂಫ್ ಅಂತ ಯಾರೂ ಮಾರಿಲ್ಲ, ಹಂಗಾಗಿ ದೂರೋಕೂ ಆಗಲ್ಲ. ಎರಡು ದಿನದಲ್ಲಿ ಅದು ಬ್ಯಾಗಿಂದ ಆಚೆ ಬಂದಿದ್ದು ಎಲ್ಲ ಸೇರಿ ಒಂದು ಮುಕ್ಕಾಲು ಗಂಟೆ ಇರಬಹುದು. ಭಾವ ಮಾತ್ರ ಟಿಜಿನ ಕುತ್ತಿಗೆಗೆ ನೇತಾಕ್ಕೊಂಡು ಮಳೆಲೇ ಓಡಾಡ್ತಿದ್ರು, ಲೆನ್ಸಿಗೆ ಕೆಸರು ಸಿಡಿದ್ರೆ ಕುಡಿಯೋ ನೀರಿನ ಬಾಟ್ಲಿ ತೆಗೆದು ತೊಳೆದು ಮತ್ತೆ ಶುರು. ಅದರ ಜೂಮ್ ಪೂರ್ತಿ ಒಳಗೇ ಓಡತ್ತೆ, ಆಚೆ ಏನೂ ಚಾಚಲ್ಲ.

ಟಿಜಿ ನಿಜವಾಗ್ಲೂ ಗೆದ್ದಿದ್ದು ರಾತ್ರಿ, ಹೋಂಸ್ಟೇ ಹಿಂದಿನ ಅಡಿಕೆ ತೋಟದಲ್ಲಿ. ಅದರಲ್ಲಿ ಮೈಕ್ರೋಸ್ಕೋಪ್ ಮೋಡ್ ಅಂತ ಇದೆ, ಲೆನ್ಸಿಂದ ಒಂದು ಸೆಂಟಿಮೀಟರ್ ದೂರದಲ್ಲಿರೋದಕ್ಕೂ ಫೋಕಸ್ ಆಗತ್ತೆ. ಉಗುರಿನಷ್ಟು ಕಪ್ಪೆ, ಅಣಬೆ, ಜೇಡರ ಬಲೆ ಮೇಲಿನ ಹನಿ, ಇವನ್ನ ನನ್ನ ದೊಡ್ಡ ಸೆನ್ಸರ್ ಕ್ಯಾಮೆರಾಲಿ ತೆಗೆಯೋಕೆ ಹೋದ್ರೆ ಜೂಮ್ ಹಾಕಿದ ಕೂಡ್ಲೇ ಹತ್ತಿರ ಫೋಕಸ್ಸೇ ಆಗಲ್ಲ. ಹೆಂಡ್ತಿ ಟಾರ್ಚಿಗೆ ಟಿಶ್ಯೂ ಪೇಪರ್ ಸುತ್ತಿ ಪಕ್ಕದಿಂದ ಬೆಳಕು ಹಿಡಿದ್ಲು, ಅಷ್ಟೇ ನಮ್ಮ ಸ್ಟುಡಿಯೋ. ಕಪ್ಪೆನ ಮುಟ್ಟಬೇಡಿ, ಎಲೆ ಸರಿಸಿ ಪೋಸ್ ಕೊಡಿಸಬೇಡಿ, ಇದ್ದಲ್ಲೇ ತೆಗೀರಿ. ಬೂಟ್ಸ್ ಒಳಗೆ ಉದ್ದ ಸಾಕ್ಸ್ ಹಾಕ್ಕೊಳ್ಳಿ, ಉಂಬಳ (ಜಿಗಣೆ) ಹತ್ತೇ ಹತ್ತತ್ತೆ, ಸುಣ್ಣ ಹೊಗೆಸೊಪ್ಪು ಸೇರಿಸಿ ಬಟ್ಟೆಲಿ ಕಟ್ಟಿದ್ದನ್ನ ಹೋಂಸ್ಟೇ ಅಜ್ಜಿ ಕೊಟ್ರು, ಅದನ್ನ ತಾಗಿಸಿದ್ರೆ ಬಿಟ್ಟು ಬೀಳತ್ತೆ.

ಆದ್ರೆ ಅದೇ ಮನೆ ಅಡುಗೆಕೋಣೆಲಿ ಅಜ್ಜಿ ಒಲೆ ಮುಂದೆ ಕೂತು ಕಷಾಯ ಕಾಯಿಸ್ತಿದ್ರಲ್ಲ, ಬೆಂಕಿ ಬೆಳಕು ಬಿಟ್ರೆ ಬೇರೆ ಬೆಳಕಿಲ್ಲ, ಆ ಫೋಟೋನ ಎರಡರಲ್ಲೂ ತೆಗೆದ್ವಿ. ಟಿಜಿದು ಮುಖ ಎಲ್ಲ ರವೆ ರವೆ, ಮೃದು ಮಾಡೋಕೆ ಹೋಗಿ ಸೀರೆ ಅಂಚು ಕಲಸಿದಂಗೆ ಆಗಿತ್ತು. ಸಣ್ಣ ಸೆನ್ಸರ್ ಅಂದ್ಮೇಲೆ ಇದು ಇದ್ದಿದ್ದೇ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 800 ದಾಟಿಸಬೇಡಿ. ಒಂದಿಂಚಿನದ್ದು ಮಾತ್ರ ಅಜ್ಜಿ ಹಣೆಯ ಸುಕ್ಕು, ಹೊಗೆ, ಕಪ್ಪು ಗೋಡೆ ಎಲ್ಲ ಬಿಡಿಬಿಡಿಯಾಗಿ ಹಿಡೀತು. ಅಕ್ಕ ಆ ಒಂದು ಫೋಟೋನೇ ದೊಡ್ಡದಾಗಿ ಪ್ರಿಂಟ್ ಹಾಕ್ಸಿದಾಳೆ. ಎರಡನೇ ದಿನ ಬೆಳಗ್ಗೆ ಮಳೆ ಒಂದು ಗಂಟೆ ಬಿಟ್ಟಿತ್ತು ಅಂತ ಕುಂದಾದ್ರಿಗೆ ಓಡಿದ್ವಿ, ಮೇಲಿನ ಪಾರ್ಶ್ವನಾಥ ಬಸದಿ ತನಕ ಕಾರು ಹೋಗತ್ತೆ, ಕೆಳಗೆ ಮೋಡದ ಹಾಸು, ಅಲ್ಲೂ ಒಂದಿಂಚಿನದ್ದೇ ಮೇಲು. ಆಮೇಲೆ ಎಡಿಟ್ ಮಾಡುವಾಗ ಕಪ್ಪಾಗಿದ್ದ ಬಸದಿ ಗೋಡೆನ ಎಷ್ಟು ಎತ್ತಿದ್ರೂ ತಡ್ಕೊಳ್ತು.

ಈಗ ನಮ್ಮ ದಡ್ಡತನದ ವಿಷಯ. ಎರಡೂ ಕ್ಯಾಮೆರಾಕ್ಕೂ ಒಳಗೆ ಮಂಜು ಕಟ್ತು, ಹೌದು ವಾಟರ್‌ಪ್ರೂಫ್‌ಗೂ. ಆಗುಂಬೆಲಿ ಜಗಲಿ ಮೇಲೆ ಕೂತು, ಸುತ್ತ ಮಂಜು ತುಂಬಿರುವಾಗ, ನಾನೇ ಟಿಜಿಯ ಬ್ಯಾಟರಿ ಬಾಗಿಲು ತೆಗೆದು ಬ್ಯಾಟರಿ ಬದಲಾಯಿಸ್ದೆ. ಆ ಒದ್ದೆ ಗಾಳಿ ಒಳಗೇ ಬಂದಿ ಆಯ್ತು. ಮಾರನೇ ದಿನ ಆಗುಂಬೆ ಹತ್ರದ ಜೋಗಿಗುಂಡಿ ಜಲಪಾತದಲ್ಲಿ ಅಂಚಿಗೆ ಕೂತು ಕ್ಯಾಮೆರಾನ ಅರ್ಧ ನೀರಲ್ಲಿ ಮುಳುಗಿಸಿದ್ದೇ ತಡ, ನೀರು ತಣ್ಣಗಿತ್ತಲ್ಲ, ಗಾಜಿನ ಒಳಬದಿಗೆ ಹಬೆ ಕೂತು ಒಂದು ಗಂಟೆ ಏನೂ ಕಾಣ್ಲಿಲ್ಲ. ಹಂಗಾಗಿ ಬ್ಯಾಟರಿ, ಕಾರ್ಡು ಏನಿದ್ರೂ ಒಣಗಿದ ರೂಮಲ್ಲಿ, ಆಗೋದಾದ್ರೆ ಎಸಿ ಹಾಕಿದ ಕಾರಲ್ಲಿ ಬದಲಾಯಿಸಿ, ಬಾಗಿಲು ಮುಚ್ಚೋ ಮುಂಚೆ ಅದರ ರಬ್ಬರ್ ಮೇಲೆ ಒಂದು ಕೂದಲು, ಒಂದು ಮರಳಿನ ಕಾಳು ಇದ್ಯಾ ನೋಡಿ, ಆ ಒಂದು ಕಾಳು ಸಾಕು ನೀರು ನುಗ್ಗೋಕೆ. ಆ ರಬ್ಬರನ್ನ ವರ್ಷಕ್ಕೊಂದ್ಸಲ ಬದಲಾಯಿಸಿ ಅಂತಾರೆ, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಕೇಳದೆ ನೀರಿಗೆ ಇಳಿಸಬೇಡಿ. ಅಂದಹಾಗೆ ಜೋಗಿಗುಂಡಿಲಿ ಈಜೋಕೆ ಹೋಗಬೇಡಿ, ಮಳೆಗಾಲದಲ್ಲಿ ಆಳ ಗೊತ್ತಾಗಲ್ಲ.

ನನ್ನ ಕಾಂಪ್ಯಾಕ್ಟಿನ ಸರದಿ ಮುರುಡೇಶ್ವರದಲ್ಲಿ. ರಾತ್ರಿ ಪೂರ್ತಿ ಎಸಿ ರೂಮಲ್ಲಿ ಇಟ್ಟಿದ್ದೆ, ಬೆಳಗ್ಗೆ ಆರಕ್ಕೆ ಎದ್ದು 123 ಅಡಿ ಶಿವನ ಮೂರ್ತಿ ಮೇಲೆ ಮೊದಲ ಬೆಳಕು ಬೀಳತ್ತೆ ಅಂತ ಹಂಗೇ ಎತ್ಕೊಂಡು ಓಡ್ದೆ. ಕರಾವಳಿ ಗಾಳಿ ಹೆಂಗಿರತ್ತೆ ಗೊತ್ತಲ್ಲ, ತಣ್ಣಗಿದ್ದ ಗಾಜಿನ ಮೇಲೆ ತಕ್ಷಣ ನೀರು. ಸುಮ್ನೆ ಇಟ್ಟಿದ್ರೆ ತಾನೇ ಹೋಗ್ತಿತ್ತು, ನಾನು ಅವಸರಕ್ಕೆ ಒರೆಸ್ತಾ ಜೂಮ್ ಹಿಂದೆ ಮುಂದೆ ಮಾಡ್ತಾ ಇದ್ದೆ, ಲೆನ್ಸ್ ಚಾಚಿದಾಗೆಲ್ಲ ಸೈಕಲ್ ಪಂಪ್ ತರ ಹೊರಗಿನ ಗಾಳಿನ ಒಳಗೆ ಎಳ್ಕೊಳ್ಳತ್ತೆ, ಹಂಗೆ ಒಳಗಿನ ಗಾಜಿಗೂ ಹಬೆ ಹತ್ತಿ ಅರ್ಧ ದಿನ ಹೋಗ್ಲಿಲ್ಲ. ಎಸಿ ರೂಮಿಂದ ಆಚೆ ಬರೋ ಮುಂಚೆ ಜಿಪ್‌ಲಾಕ್ ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಆಚೆ ಬಂದು ಅರ್ಧ ಗಂಟೆ ಬಿಟ್ಟು ತೆಗೀರಿ, ಹಬೆ ಕವರಿನ ಮೇಲೆ ಕೂರತ್ತೆ. ಇಲ್ಲಾಂದ್ರೆ ರಾತ್ರಿ ಕ್ಯಾಮೆರಾನ ಬಾತ್‌ರೂಮೊಂದು ಬಿಟ್ಟು ಬೇರೆ ಎಲ್ಲಾದ್ರೂ, ಎಸಿ ಇಲ್ಲದ ಕಡೆ ಇಡಿ.

ನೇತ್ರಾಣಿ ಬಗ್ಗೆ ಎಲ್ಲರೂ ಕೇಳೋದು, ಅದಕ್ಕೇ ಉದ್ದ ಹೇಳ್ತೀನಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ, ಬೋಟಲ್ಲಿ ಒಂದು ಒಂದೂವರೆ ಗಂಟೆ. ಮಳೆಗಾಲದಲ್ಲಿ ಡೈವಿಂಗ್ ಬಂದ್, ಶುರುವಾಗೋದೇ ಮಳೆ ಕಳೆದ ಮೇಲೆ. ದ್ವೀಪದ ಮೇಲೆ ಇಳಿಸಲ್ಲ, ಬೋಟಿಂದಲೇ ನೀರಿಗೆ. ಹೊರಡೋ ಅರ್ಧ ಗಂಟೆ ಮುಂಚೆ ವಾಂತಿ ಮಾತ್ರೆ ತಗೊಳ್ಳಿ, ತಿಂಡಿಗೆ ಬನ್ಸ್ ಕಂಡ್ರೆ ಎರಡಕ್ಕೆ ನಿಲ್ಸಿ, ಭಾವ ನಿಲ್ಸಲಿಲ್ಲ. ಅಸ್ತಮಾ, ಕಿವಿ ತೊಂದರೆ ಇರೋರು ಮೊದಲೇ ಡಾಕ್ಟರ್ ಹತ್ರ ಕೇಳಿ.

ನಾವು ಟಿಜಿ ಒಯ್ದಿದ್ದೇ ಇದಕ್ಕೆ. ಮೊದಲ ಸಲ ಡೈವ್ ಮಾಡೋರನ್ನ ಸಾಮಾನ್ಯವಾಗಿ 12 ಮೀಟರ್‌ಗಿಂತ ಕೆಳಗೆ ಕರ್ಕೊಂಡು ಹೋಗಲ್ಲ, ಕ್ಯಾಮೆರಾ 15 ತಡ್ಕೊಳ್ಳತ್ತೆ, ಲೆಕ್ಕ ಸರಿಯಾಗಿತ್ತು. ಬೋಟ್ ಮೇಲೆ ಇನ್‌ಸ್ಟ್ರಕ್ಟರ್ ಹುಡುಗ ನೋಡಿ, "ಸಾರ್, ಫಸ್ಟ್ ಟೈಮಾ? ಹಂಗಾದ್ರೆ ಕ್ಯಾಮೆರಾ ಇಲ್ಲೇ ಇಡಿ, ಉಸಿರು ಕಡೆ ಗಮನ ಇರ್ಲಿ" ಅಂದ. ಬೇಜಾರಾಯ್ತು, ಆದ್ರೆ ನೀರಿಗಿಳಿದ ಎರಡನೇ ನಿಮಿಷಕ್ಕೆ ಅವನು ಹೇಳಿದ್ದು ಸರಿ ಅನ್ನಿಸ್ತು, ಮೂಗು ಹಿಡಿದು ಕಿವಿ ಸರಿಮಾಡ್ಕೊಳ್ಳೋದರಲ್ಲೇ ಒಂದು ಕೈ ಹೋಗತ್ತೆ, ಇನ್ನೊಂದು ಕೈ ಅವನ ತೋಳು ಬಿಡಲ್ಲ. ಅವರೇ ವಿಡಿಯೋ ತೆಗೆದು ಕೊಡ್ತಾರೆ, ಅದು ಪ್ಯಾಕೇಜಲ್ಲಿ ಇದ್ಯಾ ಬೇರೆ ದುಡ್ಡಾ ಅಂತ ಬುಕ್ ಮಾಡುವಾಗಲೇ ಕೇಳಿ. ಸೋ ಬರೀ ಡೈವ್‌ಗೋಸ್ಕರ ಅಂತ ವಾಟರ್‌ಪ್ರೂಫ್ ಕ್ಯಾಮೆರಾ ಕೊಳ್ಳೋರಿದ್ರೆ ಬೇಡ.

ಆಮೇಲೆ ಸ್ನಾರ್ಕೆಲಿಂಗ್‌ಗೆ ಬಿಟ್ರು, ಲೈಫ್ ಜಾಕೆಟ್ ಹಾಕ್ಕೊಂಡು ಬೋಟ್ ಪಕ್ಕ ತೇಲ್ತಾ, ಅಲ್ಲಿ ಕ್ಯಾಮೆರಾ ಕೆಲಸಕ್ಕೆ ಬಂತು. ಆಳಕ್ಕೆ ಹೋದಷ್ಟೂ ನೀರು ಮೊದಲು ಕೆಂಪು ಬಣ್ಣವನ್ನೇ ನುಂಗೋದು, ನಾಲ್ಕೈದು ಮೀಟರಿಗೇ ಎಲ್ಲ ನೀಲಿ ಹಸಿರು, ಅಂಡರ್‌ವಾಟರ್ ವೈಟ್ ಬ್ಯಾಲೆನ್ಸ್ ಅನ್ನೋ ಬಣ್ಣ ಸರಿಮಾಡೋ ಸೆಟ್ಟಿಂಗ್ ಹಾಕಿದ್ರೆ ಸ್ವಲ್ಪ ವಾಪಸ್ ಬರತ್ತೆ. ಮೇಲ್ಮೈ ಹತ್ರ ಬಿಸಿಲಲ್ಲಿ ಬಟರ್‌ಫ್ಲೈ ಫಿಶ್, ಪ್ಯಾರಟ್ ಫಿಶ್ ಚೆನ್ನಾಗೇ ಬಂದ್ವು. ಮಳೆಗಾಲ ಮುಗಿದ ಹೊಸತರಲ್ಲಿ ನೀರು ಕದಡಿರತ್ತೆ, ಫೋಟೋನೇ ಮುಖ್ಯ ಅಂದ್ರೆ ಡಿಸೆಂಬರ್ ಜನವರಿಗೆ ಹೋಗಿ. ಇನ್ನೊಂದು, ಈ ಕ್ಯಾಮೆರಾ ತೇಲಲ್ಲ, ಕಲ್ಲಿನ ತರ ಮುಳುಗತ್ತೆ, ಬಣ್ಣಬಣ್ಣದ ಫ್ಲೋಟಿಂಗ್ ಸ್ಟ್ರ್ಯಾಪ್ ಕಟ್ಟದೆ ಇಳಿಬೇಡಿ. ಕಾಂಪ್ಯಾಕ್ಟಿಗೂ ನೀರೊಳಗಿನ ಹೌಸಿಂಗ್ ಸಿಗತ್ತೆ, 40 ಮೀಟರ್ ತನಕ ಹೋಗೋವೂ ಇವೆ, ಆದ್ರೆ ಅದಕ್ಕೆ ಬೇರೆ ದುಡ್ಡು, ತೆಂಗಿನಕಾಯಿ ಗಾತ್ರ ಬೇರೆ, ವರ್ಷಕ್ಕೊಂದ್ಸಲ ನೀರಿಗಿಳಿಯೋರಿಗೆ ದಂಡ.

ಬೋಟಿಂದ ಬಂದ ಮೇಲೆ ಬಾಗಿಲು ತೆಗೀದೆ, ಬಕೆಟ್ ತುಂಬ ಸಿಹಿನೀರಲ್ಲಿ ಹತ್ತು ನಿಮಿಷ ಕ್ಯಾಮೆರಾ ನೆನೆಹಾಕಿ ಬಟನ್ ಎಲ್ಲ ಒತ್ತಿ ಒತ್ತಿ ಉಪ್ಪು ಬಿಡಿಸಬೇಕು. ಲಾಡ್ಜ್ ಹುಡುಗ ಟವೆಲ್ ಕೊಡೋಕೆ ಬಂದವನು ಬಕೆಟ್ ನೋಡಿ, ನನ್ನ ನೋಡಿ, ಏನೂ ಮಾತಾಡದೆ ಹೋದ.

ಡೈವ್ ಮಾಡಿದ ದಿನವೇ ಘಾಟಿ ಹತ್ತಬೇಡಿ, ವಿಮಾನಕ್ಕೆ 18 ಗಂಟೆ ಬಿಡಬೇಕು ಅಂತಾರಲ್ಲ, ಎತ್ತರಕ್ಕೆ ಹೋಗೋದಕ್ಕೂ ಅದೇ ಕಾರಣ. ನಾವು ಮಾರನೇ ದಿನ ಮಧ್ಯಾಹ್ನ ಹೊರಟು ಸಂಜೆಗೆ ಜೋಗ ಸೇರಿದ್ವಿ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಇಳೀತಿದ್ವು, ನೀರು ಎಷ್ಟಿರತ್ತೆ ಅನ್ನೋದು ಲಿಂಗನಮಕ್ಕಿ ಡ್ಯಾಮಿಂದ ಎಷ್ಟು ಬಿಟ್ಟಿದಾರೆ ಅನ್ನೋದರ ಮೇಲೆ. ಕೆಳಗಿಳಿಯೋ ಮೆಟ್ಟಿಲು ಮಳೆಲಿ ಮುಚ್ಚಿರ್ತಾರೆ, ಮೊದಲೇ ವಿಚಾರಿಸ್ಕೊಳ್ಳಿ. ಇಲ್ಲಿ ಕಾಂಪ್ಯಾಕ್ಟ್ ಹಿಡಿದ್ರೆ ತುಂತುರು ಒರೆಸೋದೇ ಕೆಲಸ, ಒಂದು ಬಟ್ಟೆ ಒದ್ದೆ ಆದ್ರೆ ಅದು ಬರೀ ಬಳಿಯತ್ತೆ, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ ಬೇರೆ ಬೇರೆ ಜೇಬಲ್ಲಿ ಇಟ್ಕೊಳ್ಳಿ. ಮಂಜು ಸರಿದ ಹತ್ತು ನಿಮಿಷಕ್ಕೆ ಮಾತ್ರ ದೊಡ್ಡ ಸೆನ್ಸರ್ ತನ್ನ ಬೆಲೆ ತೋರಿಸ್ತು, ಬಿಳಿ ನೀರು, ಕಪ್ಪು ಬಂಡೆ ಎರಡೂ ಒಂದೇ ಫೋಟೋಲಿ ಉಳೀತು. ಟಿಜಿಲಿ ನೀರು ಸುಣ್ಣ ಬಳಿದಂಗೆ ಬಂದಿತ್ತು.

ಫೋನ್ ಸಾಲ್ದಾ ಅಂತ ಕೇಳ್ತೀರಿ. ಫೋನಿಗೆ ನೀರು ಧೂಳು ಹೋಗಲ್ಲ ಅಂತ ಕೊಡೋ ಐಪಿ68 ರೇಟಿಂಗ್ ಅಂದ್ರೆ ಸಿಹಿನೀರಲ್ಲಿ ಮಾಡಿದ ಟೆಸ್ಟು, ಉಪ್ಪುನೀರಿಗಲ್ಲ, ನೀರು ಹೋದ್ರೆ ವಾರಂಟಿನೂ ಸಿಗಲ್ಲ, ಒದ್ದೆ ಬೆರಳಿಗೆ ಸ್ಕ್ರೀನ್ ಮಾತು ಕೇಳಲ್ಲ. ಸಮುದ್ರ ಬಿಟ್ಟು ಬರೀ ಮಳೆ ಅಂದ್ರೆ ಫೋನ್ ಸಾಕಾಗತ್ತೆ, ಆದ್ರೆ ಹಾಳಾದ್ರೆ ವಾಪಸ್ ಬರೋ ದಾರಿ ಮ್ಯಾಪೂ ಅದರಲ್ಲೇ ಇರತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ, ಸಮುದ್ರ, ಜಲಪಾತ, ಮಳೆ ಮೂರೂ ಇರೋ ಈ ರೂಟಿಗೆ ಒಂದೇ ಕ್ಯಾಮೆರಾ ಅಂದ್ರೆ ಟಿಜಿ ತರದ್ದು, ಕೊಳ್ಳೋಕಿಂತ ಯಾರಾದ್ರೂ ಭಾವನ ಹತ್ರ ಸಾಲ ತಗೊಳ್ಳಿ, ಇಲ್ಲಾಂದ್ರೆ ಬಾಡಿಗೆಗೆ ಸಿಗತ್ತಾ ವಿಚಾರಿಸಿ. ನೇತ್ರಾಣಿ ಕೈಬಿಟ್ಟು ನವೆಂಬರ್ ಆದ್ಮೇಲೆ ಹೋಗೋರಿಗೆ ಕಣ್ಣುಮುಚ್ಚಿ ಒಂದಿಂಚಿನದ್ದು. ಯಾವುದೇ ಆಗ್ಲಿ, ಮನೆಗೆ ಬಂದ ಮೇಲೆ ಬ್ಯಾಗಲ್ಲೇ ಬಿಡಬೇಡಿ, ಮಲೆನಾಡಿನ ತೇವ ಬ್ಯಾಗಿನ ಸ್ಪಂಜಲ್ಲಿ ಕೂತಿರತ್ತೆ, ಒಂದೆರಡು ತಿಂಗಳಲ್ಲಿ ಲೆನ್ಸಿಗೆ ಬೂಷ್ಟು. ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರಲ್ಲಿ ಇಡಿ. ನಮ್ಮನೇಲಿ ಚಕ್ಕುಲಿ ಡಬ್ಬಿ ಅದಕ್ಕೆ ಹೋಗಿದೆ, ದೀಪಾವಳಿಗೆ ವಾಪಸ್ ಬೇಕು ಅಂತ ಹೆಂಡ್ತಿ ಈಗಾಗ್ಲೇ ಎರಡು ಸಲ ಹೇಳಿಯಾಯ್ತು.