ಹರಿಹರದಿಂದ ದುರ್ಗಕ್ಕೆ, ಪುಸ್ತಕದಂಗಡಿಗಳ ದಾರಿಯಲ್ಲಿ

ಅವ್ವನ ಪೆಟ್ಟಿಗೆಯಲ್ಲಿದ್ದ, ಚಿತ್ರದುರ್ಗದ ಕಥೆ ಹೇಳುವ ತ.ರಾ.ಸು. ಅವರ ಕಾದಂಬರಿ ‘ದುರ್ಗಾಸ್ತಮಾನ’ ಓದಲು ಒಯ್ದವರ ಮನೆಯಿಂದ ಮರಳಿ ಬರಲಿಲ್ಲ. ಇಪ್ಪತ್ತು ವರ್ಷವಾಯಿತು. ಒಯ್ದವರು ಯಾರೆಂಬುದೂ ಅವ್ವನಿಗೆ ಈಗ ಮರೆತಿದೆ. ಹರಿದ ರಟ್ಟಿನ ಮೂಲೆಗೆ ತಾನೇ ಅಂಟಿಸಿದ್ದ ನೀಲಿ ಬಟ್ಟೆಯ ಪಟ್ಟಿ ಮಾತ್ರ ನೆನಪಿದೆ. ಮೊಬೈಲಿನಲ್ಲೇ ತರಿಸಿಕೊಡುತ್ತೇನೆ ಎಂದರೆ ಒಪ್ಪಲಿಲ್ಲ. “ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕು. ದುರ್ಗದ ಕಥೆ, ದುರ್ಗದಲ್ಲೇ ಕೊಳ್ಳೋಣ” ಎಂದಳು. ನಮ್ಮ ಮನೆ ಹರಿಹರದಲ್ಲಿ. ಹೇಗೂ ಹೊರಡುವುದಾದರೆ ದಾರಿಯ ಪುಸ್ತಕದಂಗಡಿಗಳನ್ನೆಲ್ಲ ಹೊಕ್ಕು ಹೋಗೋಣ ಎಂದೆ ನಾನು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತವಾದ 2023ರ ಜೂನ್‌ನಿಂದ ಅವ್ವ ಪ್ರತಿ ಪ್ರಯಾಣದ ಚಾರ್ಜನ್ನು ಲೆಕ್ಕ ಹಾಕಿ ಒಂದು ಡಬ್ಬಿಗೆ ಹಾಕುತ್ತ ಬಂದಿದ್ದಾಳೆ. ಆ ಡಬ್ಬಿ ಈ ಸಲ ಪುಸ್ತಕಕ್ಕೆಂದು ತೀರ್ಮಾನವಾಯಿತು.

ಮೊದಲು ಮಲೇಬೆನ್ನೂರು. ಅದು ಅವ್ವನ ತವರು, 1920ರಲ್ಲಿ ತ.ರಾ.ಸು. ಹುಟ್ಟಿದ ಊರು. ಭದ್ರಾ ನಾಲೆಯ ನೀರಿನಲ್ಲಿ ಗದ್ದೆಗಳು ಹಸಿರಾಗಿದ್ದವು. ಬಸ್ ನಿಲ್ದಾಣದ ಹತ್ತಿರ ನೋಟ್‌ಬುಕ್ಕು, ಪೆನ್ನು, ಗ್ರೀಟಿಂಗ್ ಕಾರ್ಡು ಮಾರುವ ಅಂಗಡಿಯೊಂದಿತ್ತು. ತ.ರಾ.ಸು. ಅವರ ಕಾದಂಬರಿ ಯಾವುದಾದರೂ ಇದೆಯೇ ಎಂದು ಕೇಳಿದೆ. “ಅದು ಯಾವ ತರಗತಿಗಿದೆ ಅಕ್ಕಾ?” ಎಂದ ಗಲ್ಲಾದ ಮೇಲಿದ್ದ ಹುಡುಗ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಗಡಿಯಲ್ಲಿ ಪಠ್ಯವಲ್ಲದ ಪುಸ್ತಕವನ್ನೇ ಅವನು ಕಂಡಿರಲಿಲ್ಲ. ಆದರೂ ಬಸ್ಸು ಹತ್ತುವವರೆಗೆ ಅವ್ವ ಮಾತನಾಡಲಿಲ್ಲ.

ದಾವಣಗೆರೆಯಲ್ಲಿ ಆ ಬೇಸರ ಕರಗಿತು. ಮಂಡಿಪೇಟೆಯ ಕಡೆಯ ಓಣಿಯೊಂದರಲ್ಲಿ ನಾನು ಕಾಲೇಜಿಗೆ ಬರುತ್ತಿದ್ದಾಗಿನಿಂದಲೂ ಇರುವ ಅಂಗಡಿ. ಮುಂದೆ ಗೈಡುಗಳ ರಾಶಿ, ಮೇಲೆ ದಾರಕ್ಕೆ ತೂಗುಬಿಟ್ಟ ಪಂಚಾಂಗ, ಎಡಗಡೆಗೆ ನೆಲದಿಂದ ಎದೆಯೆತ್ತರಕ್ಕೆ ನಾಟಕದ ಪುಸ್ತಕಗಳು. ಜಗಳೂರು ಕಡೆಯ ಹಳ್ಳಿಯಿಂದ ಬಂದಿದ್ದ ಇಬ್ಬರು ಊರ ಜಾತ್ರೆಗೆ ಆಡಲು ನಾಟಕ ಆರಿಸುತ್ತಿದ್ದರು. ಯಜಮಾನರು ಕಥೆ ಏನಿರಬೇಕು ಎಂದು ಕೇಳಲಿಲ್ಲ. “ಸ್ತ್ರೀಪಾತ್ರ ಎಷ್ಟಿರಲಿ?” ಎಂದು ಕೇಳಿದರು.

“ಎರಡು. ಬಹಳವೆಂದರೆ ಮೂರು, ಯಜಮಾನರೇ.”

ಗಂಡು ಪಾತ್ರಕ್ಕೆ ಊರ ಹುಡುಗರಿದ್ದಾರೆ. ಹೆಣ್ಣು ಪಾತ್ರಕ್ಕೆ ಕಲಾವಿದೆಯರನ್ನು ಹೊರಗಿನಿಂದ ಸಂಭಾವನೆ ಕೊಟ್ಟು ಕರೆಸಬೇಕು. ಜೊತೆಗೆ ಸೀನರಿ, ಧ್ವನಿವರ್ಧಕ, ಹಾರ್ಮೋನಿಯಂ ಮೇಷ್ಟ್ರ ಖರ್ಚು. ಹೀಗಾಗಿ ನಾಟಕ ನಿರ್ಧಾರವಾಗುವುದು ಮೊದಲ ಪುಟದ ಪಾತ್ರಗಳ ಪಟ್ಟಿಯಿಂದ. ಯಜಮಾನರು ಕಣ್ಣು ಹಾಯಿಸಿ ರಾಶಿಯ ನಡುವಿನಿಂದ ನಾಲ್ಕು ಪುಸ್ತಕ ಎಳೆದರು. ಒಂದನ್ನು ನಾನೂ ತೆರೆದೆ. ಒರಟು ಕಾಗದ, ಅಲ್ಲಲ್ಲಿ ಮಸಿ ಹೆಚ್ಚಾದ ಅಕ್ಷರ. ಪ್ರತಿ ಹಾಡಿನ ತಲೆಯ ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಸಿನಿಮಾ ಹಾಡಿನ ಮೊದಲ ಸಾಲು. ಬಂದಿದ್ದವರಲ್ಲಿ ಕಿರಿಯವನು ಒಂದೇ ಪ್ರತಿ ಕೊಂಡು ಉಳಿದವರಿಗೆ ಮೊಬೈಲಿನಲ್ಲಿ ಫೋಟೊ ಕಳಿಸೋಣ ಎಂದ. ಹಿರಿಯರು ಒಪ್ಪಲಿಲ್ಲ. “ಫೋನ್ ಬಂದರೆ ಮಾತು ಮರೆಯುತ್ತೀರಿ. ಪಾತ್ರಕ್ಕೊಂದು ಪುಸ್ತಕ ಇರಲಿ” ಎಂದು ಹನ್ನೊಂದು ಪ್ರತಿ ಕಟ್ಟಿಸಿದರು.

ಈ ಊರಿನ ಗುಣವೇ ಅದು. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು, 1988ರಲ್ಲಿ ಪದ್ಮಶ್ರೀ ಪಡೆದ ರಂಗನಟಿ ಚಿಂದೋಡಿ ಲೀಲಾ ಅವರ ಊರು. ಇಲ್ಲಿ ಓದು ಎಂದರೆ ಬಾಯಿಪಾಠ ಮಾಡಿ ಬೆಳತನಕ ನಾಲ್ಕು ಜನರ ಎದುರು ಆಡಿ ತೋರಿಸುವುದೂ ಹೌದು.

ಅವ್ವನಿಗೆ ಸ್ಟೂಲು ಕೊಟ್ಟು ಯಜಮಾನರು ತಮ್ಮ ವರ್ಷದ ಲೆಕ್ಕ ಹೇಳಿದರು. ಯುಗಾದಿಗೆ ಮುಂಚೆ ಪಂಚಾಂಗ, ಜೂನ್‌ನಲ್ಲಿ ಶಾಲೆ ಪುಸ್ತಕ, ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ನಾಟಕ. “ಆ ಮೂರೂ ದುಡಿಯುತ್ತವೆ ತಾಯಿ, ಇದು ಕೂತು ಉಣ್ಣುತ್ತದೆ” ಎಂದು ಒಳಗಿನ ಕಪಾಟು ತೋರಿಸಿದರು. ಕಥೆ, ಕಾದಂಬರಿ, ಕವಿತೆ, ವಚನ. ಧೂಳಿಲ್ಲ; ದಿನವೂ ಒರೆಸುತ್ತಾರೆ. 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ 61ನೆಯ ಸಾಹಿತ್ಯ ಸಮ್ಮೇಳನ ದಾವಣಗೆರೆಯಲ್ಲಿ ನಡೆದಾಗ ಮಳಿಗೆ ಹಾಕಿದ್ದರಂತೆ. ಆಗ ಉಳಿದ ಕವಿತೆಯ ಪುಸ್ತಕವೊಂದು ಈಗಲೂ ಅಂದಿನ ಬೆಲೆಗೇ ಇದೆ. ಅದನ್ನು ನಾನು ಕೊಂಡೆ. ಗೈಡ್ ಅಂಗಡಿ ಎಂದು ಇಂಥ ಅಂಗಡಿಗಳ ಬಗ್ಗೆ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೈಡಿನ ಲಾಭ ಇಲ್ಲದಿದ್ದರೆ ಆ ಕವಿತೆ ಮೂವತ್ತು ವರ್ಷ ನನಗಾಗಿ ಕಾಯುತ್ತಿರಲಿಲ್ಲ.

ಊರಲ್ಲಿ ಇನ್ನೂ ಎರಡು ಅಂಗಡಿ ನೋಡಿದೆವು. ಒಂದರಲ್ಲಿ ಬರೀ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಹುಡುಗ ಹುಡುಗಿಯರು ನಿಂತೇ ಓದಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು, ಯಾರೂ ಗದರಲಿಲ್ಲ. ಇನ್ನೊಂದು, ಅಪ್ಪ ನನಗೆ ‘ಚಂದಮಾಮ’ ಕೊಡಿಸುತ್ತಿದ್ದ ಅಂಗಡಿ, ಈಗ ಮೊಬೈಲ್ ಕವರ್ ಮಾರುತ್ತದೆ. ಬಾಗಿಲ ಚೌಕಟ್ಟಿಗೆ ಹಳೆಯ ಹಸಿರು ಬಣ್ಣವೇ ಇತ್ತು. ಒಳಗೆ ಹೋಗಲು ಮನಸ್ಸಾಗಲಿಲ್ಲ.

ದುರ್ಗಕ್ಕೆ ಸುಮಾರು ಅರವತ್ತು ಕಿಲೋಮೀಟರ್. ಆನಗೋಡು ದಾಟಿದ ಮೇಲೆ ಮೆಕ್ಕೆಜೋಳದ ಹೊಲಗಳು, ಆಮೇಲೆ ಭರಮಸಾಗರ, ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ಚೀಲ ಆಗಲೇ ಭಾರವಾಗಿತ್ತು. ಇದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ಹಾವೇರಿ ಸೀಮೆಯಲ್ಲಿ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದರು. ಅದನ್ನು ಹೇಳಿದೆ. “ನಿನಗೆ ಒಂದು ಚೀಲಕ್ಕೇ ಹೆಗಲು ನೋವು” ಎಂದಳು ಅವ್ವ.

ಚಿತ್ರದುರ್ಗದ ಸಂತೆಪೇಟೆ ಕಡೆಯ ಅಂಗಡಿ ಚಿಕ್ಕದು, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಕೇಳುವ ಮುನ್ನವೇ ಗಲ್ಲಾದ ಪಕ್ಕದಲ್ಲಿ ‘ದುರ್ಗಾಸ್ತಮಾನ’ ಕಂಡಿತು. ಒಂದಲ್ಲ, ಆರು ಪ್ರತಿ. ಕೋಟೆ ನೋಡಿ ಇಳಿದವರು ಕೇಳಿಕೊಂಡು ಬರುತ್ತಾರೆ, ಇದನ್ನು ಮಾತ್ರ ಮುಗಿಯಲು ಬಿಡುವುದಿಲ್ಲ ಎಂದರು ಅಂಗಡಿಯವರು. ತ.ರಾ.ಸು. ತೀರಿಕೊಂಡ ಮರುವರ್ಷ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕೃತಿ ಇದು. ಬಿಲ್ ಬರೆಯುವ ಮೊದಲು ಅವರು ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ, ಹೆಬ್ಬೆರಳಿನಿಂದ ಹದಿನಾರು ಹದಿನಾರು ಪುಟಗಳನ್ನು ಬಿಡಿಸುತ್ತ ಕೊನೆಯವರೆಗೂ ಹೋದರು. ಹದಿನಾರು ಪುಟದ ಫಾರಂ ಯಾವುದೂ ತಪ್ಪಿಲ್ಲ, ಪುಟ ಬಿಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಕ್ರಮವಂತೆ. ಇಷ್ಟು ದಪ್ಪದ ಪುಸ್ತಕಕ್ಕೆ ಐದು ನಿಮಿಷ ಹಿಡಿಯಿತು. ಅವ್ವ ಕಣ್ಣು ಕೀಳದೆ ನೋಡಿದಳು. ಅವಳು ಹೇಳಿದ ‘ಕೈಯಲ್ಲಿ ಹಿಡಿದು ನೋಡುವುದು’ ಏನೆಂದು ನನಗೆ ತಿಳಿದದ್ದು ಆಗ.

ಅವಳ ಮಂಡಿಗೆ ಕೋಟೆಯ ಮೆಟ್ಟಿಲು ಆಗದು. ಅಂಗಡಿಯಲ್ಲೇ ಕೂರಿಸಿ ನಾನೊಬ್ಬಳೇ ಹತ್ತಿ ಅಕ್ಕತಂಗಿಯರ ಹೊಂಡದವರೆಗೆ ಹೋಗಿ ಬಂದೆ. ಬಂಡೆಗಳು ಇನ್ನೂ ಬಿಸಿಯಿದ್ದವು. ಇಳಿದು ಬಂದರೆ ಅಂಗಡಿಯವರಿಗೂ ಅವ್ವನಿಗೂ ವಾದ ನಡೆದಿತ್ತು. 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದದ್ದು ದುರ್ಗದ ನಾಯಕ ಮದಕರಿಯ ಎಣಿಕೆ ತಪ್ಪಿದ್ದರಿಂದಲೋ, ಸುತ್ತಲಿದ್ದವರು ಕೈಬಿಟ್ಟಿದ್ದರಿಂದಲೋ? ಅವ್ವ ನಾಯಕನ ಪರ. ಚಹಾದ ಲೋಟಗಳು ಗಲ್ಲಾದ ಮೇಲೆ ಖಾಲಿಯಾಗಿದ್ದವು; ಗಿರಾಕಿಯೊಬ್ಬ ತಾನು ಕೊಳ್ಳಲು ಬಂದದ್ದನ್ನು ಮರೆತು ಕೇಳುತ್ತ ನಿಂತಿದ್ದ.

ಹಿಂದಿರುಗುವ ಬಸ್ಸಿನಲ್ಲಿ ಅವ್ವ ಕಿಟಕಿಯ ಬೆಳಕಿರುವವರೆಗೂ ಓದಿದಳು. ಭರಮಸಾಗರದ ಹತ್ತಿರ ಕತ್ತಲಾಯಿತು. ಶೂನ್ಯ ದರದ ಟಿಕೆಟನ್ನು ಪುಟಗಳ ನಡುವೆ ಇಟ್ಟು, ಪುಸ್ತಕ ಮುಚ್ಚಿ, ರಟ್ಟಿನ ಮೂಲೆಯನ್ನು ಬೆರಳಿನಿಂದ ಸವರಿದಳು. “ಮನೆಯಲ್ಲಿ ನೀಲಿ ಬಟ್ಟೆಯ ತುಂಡು ಇದೆಯೇನೇ?” ಎಂದು ಕೇಳಿದಳು.